ಬ್ರೂಟಸನ ಚಿನ್ನದ ನಾಣ್ಯಕ್ಕೆ ಅಂಟಿದ ಕೂಟಶಾಸನ

2020ರ ಅಕ್ಟೋಬರ್ 29ರಂದು ಲಂಡನ್ನಿನ ರೋಮಾ ನ್ಯೂಮಿಸ್ಮ್ಯಾಟಿಕ್ಸ್ ಎಂಬ ಸಂಸ್ಥೆ ಸುಮಾರು ಎಂಟು ಗ್ರಾಂ ತೂಕದ ಒಂದು ಚಿನ್ನದ ನಾಣ್ಯವನ್ನು ಹರಾಜು ಹಾಕಿತು. ಕೂಗು 27 ಲಕ್ಷ ಪೌಂಡಿಗೆ ನಿಂತಿತು. ಸಂಸ್ಥೆಯ ಶುಲ್ಕ ಸೇರಿ 32 ಲಕ್ಷ 40 ಸಾವಿರ ಪೌಂಡು, ಆಗಿನ ಲೆಕ್ಕದಲ್ಲಿ ಸುಮಾರು 31 ಕೋಟಿ ರೂಪಾಯಿ. ಅದರೊಳಗಿನ ಚಿನ್ನವನ್ನು ಅವತ್ತಿನ ದರದಲ್ಲಿ ನಮ್ಮ ಅವೆನ್ಯೂ ರಸ್ತೆಯ ಅಂಗಡಿಗೆ ಕೊಟ್ಟಿದ್ದರೆ ಹೆಚ್ಚೆಂದರೆ 40 ಸಾವಿರ ಸಿಗ್ತಿತ್ತು. ಉಳಿದ ದುಡ್ಡೆಲ್ಲ ಯಾವುದಕ್ಕೆ ಅಂದ್ರೆ, ನಾಣ್ಯದ ಮೇಲಿನ ಅಕ್ಷರಗಳಿಗೆ, ಅದು ವಿರಳ ಅನ್ನೋದಕ್ಕೆ, ಮತ್ತು ಕ್ಯಾಟಲಾಗಿನಲ್ಲಿ ಅದರ ಕೆಳಗೆ ಅಚ್ಚಾಗಿದ್ದ ಒಂದು ಸಾಲಿಗೆ. ಅಕ್ಷರಗಳು ಅಪ್ಪಟ. ವಿರಳ ಅನ್ನೋದೂ ನಿಜ. ಆ ಸಾಲು ಸುಳ್ಳು. ಈ ಬರಹ ಆ ಸಾಲಿನ ಬಗ್ಗೆ. ಆದರೆ ಮೊದಲು ನಾಣ್ಯವನ್ನೇ ಸರಿಯಾಗಿ ಓದಿಬಿಡೋಣ, ಶಾಸನ ಓದೋರಿಗೆ ಅದರಲ್ಲಿ ಸಾಕಷ್ಟು ಇದೆ.

ಮುಂಭಾಗದಲ್ಲಿ ಬಲಕ್ಕೆ ಮುಖ ಮಾಡಿದ ಗಡ್ಡದ ಗಂಡಸಿನ ತಲೆ. ಸುತ್ತ ಎರಡು ಹೆಸರು. ಒಂದು "ಬ್ರೂಟ್ ಇಂಪ್", ಅಂದರೆ ಬ್ರೂಟಸ್ ಇಂಪರೇಟರ್. ಇನ್ನೊಂದು "ಎಲ್ ಪ್ಲೇಟ್ ಸೆಸ್ಟ್", ಲೂಸಿಯಸ್ ಪ್ಲೇಟೋರಿಯಸ್ ಸೆಸ್ಟಿಯಾನಸ್, ನಾಣ್ಯ ಹೊಡೆಸಿದ ಅಧಿಕಾರಿ. ಹಿಂಭಾಗದಲ್ಲಿ ಎರಡು ಕಠಾರಿ, ನಡುವೆ ಒಂದು ಟೋಪಿ, ಕೆಳಗೆ ಆರೇ ಅಕ್ಷರ: "ಐಡ್ ಮಾರ್". ಮಾರ್ಚಿಯ ಐಡ್ಸ್, ಅಂದರೆ ಮಾರ್ಚ್ 15. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನನ್ನು ಇರಿದು ಕೊಂದ ದಿನ. ಟೋಪಿ ರೋಮಿನಲ್ಲಿ ಬಿಡುಗಡೆಯಾದ ಗುಲಾಮನ ತಲೆಗೆ ಹಾಕೋ ಪಿಲಿಯಸ್. ಕಠಾರಿಗಳ ಹಿಡಿಗಳು ಬೇರೆ ಬೇರೆ ಥರ ಇವೆ, ಅದಕ್ಕೇ ಒಂದು ಬ್ರೂಟಸನದು, ಇನ್ನೊಂದು ಕ್ಯಾಸಿಯಸನದು ಅಂತ ಓದೋರೂ ಇದ್ದಾರೆ.

"ಐಡ್" ಅನ್ನೋದನ್ನ ಕೆತ್ತಿದ ರೀತಿ ಗಮನಿಸಬೇಕು. ಅಲ್ಲಿರೋದು ಇ, ಐ, ಡಿ ಮೂರು ಅಕ್ಷರ. ನಂತರದ ಲ್ಯಾಟಿನ್‌ನಲ್ಲಿ ಐ ಒಂದೇ ಸಾಕಿತ್ತು. ಇ-ಐ ಜೋಡಿ ಹಳೇ ಬರವಣಿಗೆ, ಗೋಡೆಗಳ ಮೇಲೆ ಬರೆದು ಕೆತ್ತಿ ಇಡುತ್ತಿದ್ದ ರೋಮನ್ ಪಂಚಾಂಗಗಳಲ್ಲಿ ಕಾಣೋ ರೂಪ. ಅಂದ್ರೆ ನಾಣ್ಯ ನೋಡಿದವನಿಗೆ ಘೋಷಣೆಗಿಂತ ಮೊದಲು ಪಂಚಾಂಗದ ಒಂದು ಮನೆ ನೆನಪಾಗ್ಬೇಕು. ವರ್ಷ ಇಲ್ಲ, ಸೀಸರನ ಹೆಸರಿಲ್ಲ, ಕೊಂದೆವು ಅನ್ನೋ ಕ್ರಿಯಾಪದವೂ ಇಲ್ಲ. ನಮ್ಮ ವೀರಗಲ್ಲುಗಳು ಯಾರು ಯಾವ ಊರಳಿವಿನಲ್ಲಿ ಯಾರ ಮೇಲೆ ಬಿದ್ದು ಸತ್ತ ಅಂತ ಬಾಯ್ತುಂಬ ಹೇಳ್ತವೆ. ಇದು ತಾರೀಖು ಹೇಳಿ ಸುಮ್ಮನಾಗುತ್ತೆ. ಹಾಗೆ ಸುಮ್ಮನಾಗೋದಕ್ಕೆ ಆಗೋದು, ಓದೋ ಸೈನಿಕನಿಗೆ ಉಳಿದದ್ದೆಲ್ಲ ಮೊದಲೇ ಗೊತ್ತಿದ್ದರೆ ಮಾತ್ರ.

ಇನ್ನು ಆ ತಲೆ. ಬ್ರೂಟಸ್ ಕ್ರಿ.ಪೂ. 54ರ ಸುಮಾರಿಗೆ ರೋಮಿನಲ್ಲಿ ಟಂಕಸಾಲೆಯ ಅಧಿಕಾರಿಯಾಗಿದ್ದಾಗ ಸ್ವಾತಂತ್ರ್ಯದೇವತೆಯ ತಲೆ ಹಾಕಿದ್ದ, ರಾಜರನ್ನು ಓಡಿಸಿದ ತನ್ನ ಪೂರ್ವಜ ಹಳೇ ಬ್ರೂಟಸನನ್ನು ಹಾಕಿದ್ದ. ಬದುಕಿರುವ ರೋಮನ್ನನ ಮುಖ ರೋಮಿನ ನಾಣ್ಯದ ಮೇಲೆ ಬಂದದ್ದು ಸೀಸರನ ಕಡೆಯ ತಿಂಗಳುಗಳಲ್ಲಿ. ಅವನು ರಾಜನಾಗಲು ಹೊರಟಿದ್ದಾನೆ ಅನ್ನೋದಕ್ಕೆ ಅದೂ ಒಂದು ಕುರುಹಾಗಿ ಕಂಡಿತ್ತು. ಅವನನ್ನು ಕೊಂದವನು ಎರಡೇ ವರ್ಷದಲ್ಲಿ ಅದನ್ನೇ ಮಾಡಿದ. ಮೂರನೇ ಶತಮಾನದ ಆರಂಭದಲ್ಲಿ ಬರೆದ ಕ್ಯಾಸಿಯಸ್ ಡಿಯೋ ಈ ನಾಣ್ಯವನ್ನು ಹೆಸರಿಸಿಯೇ ವರ್ಣಿಸ್ತಾನೆ: ಒಂದು ಕಡೆ ತನ್ನದೇ ರೂಪ, ಇನ್ನೊಂದು ಕಡೆ ಟೋಪಿ, ಎರಡು ಕಠಾರಿ. ಪ್ರಾಚೀನ ಇತಿಹಾಸಕಾರನೊಬ್ಬ ಹೀಗೆ ಒಂದು ನಿರ್ದಿಷ್ಟ ನಾಣ್ಯವನ್ನು ಬಣ್ಣಿಸೋದು ಬಹಳ ಅಪರೂಪ. ಅದೇ ಅಧ್ಯಾಯದಲ್ಲಿ ಅವನು "ಇಂಪ್" ಎಂಬ ಮೂರು ಅಕ್ಷರದ ಹಿನ್ನೆಲೆಯನ್ನೂ ಕೊಡ್ತಾನೆ. ಥ್ರೇಸಿನ ಬೆಸ್ಸಿ ಎಂಬ ಬುಡಕಟ್ಟಿನ ಮೇಲೆ ಬ್ರೂಟಸ್ ದಂಡೆತ್ತಿ ಹೋದದ್ದಕ್ಕೆ ಆ ಬಿರುದು ದಕ್ಕಿಸಿಕೊಳ್ಳೋ ಆಸೆಯೂ ಒಂದು ಕಾರಣ ಅಂತ.

ಈ ನಾಣ್ಯದ ಬಗ್ಗೆ ಸಂಗ್ರಾಹಕರು ಬರೆಯೋದರಲ್ಲಿ "ಸ್ವಾತಂತ್ರ್ಯ" ಅನ್ನೋ ಪದ ಎಷ್ಟು ಸಲ ಬರುತ್ತೋ, "ಸಂಬಳ" ಅನ್ನೋ ಪದ ಅಷ್ಟೇ ಕಡಿಮೆ ಬರುತ್ತೆ. ನನಗೆ ಅದು ಕಿರಿಕಿರಿ. ಇದು ಅಂತರ್ಯುದ್ಧದ ನಡುವೆ ಸೇನೆಯ ಜೊತೆ ಊರೂರು ತಿರುಗಿದ ಟಂಕಸಾಲೆಯ ಹಣ. ಪ್ಲುಟಾರ್ಕ್ ಪ್ರಕಾರ ಕ್ಯಾಸಿಯಸ್ ರೋಡ್ಸ್ ದ್ವೀಪದ ಜನರಿಂದ ಸುಮಾರು 8,000 ಟ್ಯಾಲೆಂಟ್ ಕಿತ್ತುಕೊಂಡು, ಊರಿಗೆ ಇನ್ನೂ 500 ದಂಡ ಹಾಕಿದ. ಬ್ರೂಟಸ್ ಲಿಸಿಯಾದವರಿಂದ ತೆಗೆದದ್ದು 150. ಕಡಿಮೆ ಅಂತೀರಾ? ಅದಕ್ಕೆ ಮೊದಲು ಲಿಸಿಯಾದ ಕ್ಸಾಂಥಸ್ ಪಟ್ಟಣ ಮುತ್ತಿಗೆಯಲ್ಲಿ ಸುಟ್ಟು, ಅಲ್ಲಿನವರು ಶರಣಾಗೋದರ ಬದಲು ತಾವೇ ಬೆಂಕಿಗೆ ಬಿದ್ದಿದ್ದರು. ಫಿಲಿಪ್ಪಿ ಯುದ್ಧಕ್ಕೆ ಮುಂಚೆ ತಲೆಗೆ 1,500 ದಿನಾರಿಯಸ್ ಹಂಚಿದರು ಅಂತ ಅಪ್ಪಿಯನ್ ಬರೀತಾನೆ, ಶತಪತಿಗಳಿಗೆ ಅದರ ಐದು ಪಟ್ಟು. ಸೀಸರ್ ನಿಗದಿ ಮಾಡಿದ್ದ ಸೈನಿಕನ ವರ್ಷದ ಸಂಬಳ 225 ದಿನಾರಿಯಸ್. ಆರು ವರ್ಷಕ್ಕೂ ಮೀರಿದ ಸಂಬಳ ಒಂದೇ ಸಲಕ್ಕೆ! ಒಂದು ಚಿನ್ನದ ಆರಿಯಸ್ಸಿಗೆ 25 ಬೆಳ್ಳಿ ದಿನಾರಿಯಸ್ ಅಂತ ಹಿಡಿದರೆ ಸಾಮಾನ್ಯ ಸಿಪಾಯಿಗೆ 60 ಆರಿಯಸ್, ಶತಪತಿಗೆ 300. ಎಲ್ಲರಿಗೂ ಚಿನ್ನದಲ್ಲೇ ಕೊಟ್ಟಿರಲಾರರು, ಕಠಾರಿಯ ಚಿತ್ರವೇ ಎಲ್ಲದರ ಮೇಲೂ ಇರಲಿಲ್ಲ. ಆದರೂ ಪ್ರಮಾಣ ಗೊತ್ತಾಗ್ಲಿ ಅಂತ ಹೇಳಿದೆ. ಲಂಡನ್ನಿನಲ್ಲಿ 31 ಕೋಟಿಗೆ ಹೋದ ಆ ಒಂದು ತುಣುಕು ಒಬ್ಬ ಸಿಪಾಯಿಯ ನಲವತ್ತು ದಿನದ ಕೂಲಿ.

ಕ್ರಿ.ಪೂ. 42ರ ಅಕ್ಟೋಬರಿನಲ್ಲಿ ಫಿಲಿಪ್ಪಿಯಲ್ಲಿ ಎರಡು ಯುದ್ಧ. ಮೊದಲನೆಯದರಲ್ಲಿ ಕ್ಯಾಸಿಯಸ್, ಎರಡನೆಯದರಲ್ಲಿ ಬ್ರೂಟಸ್ ಪ್ರಾಣ ಕಳಕೊಂಡರು. ಗೆದ್ದವರಿಗೆ ಈ ನಾಣ್ಯ ಉಳಿಸಿಕೊಳ್ಳುವ ಕಾರಣ ಇರಲಿಲ್ಲ. ಬೆಳ್ಳಿಯಲ್ಲಿ ಸುಮಾರು ನೂರು ಉಳಿದಿವೆ. ಚಿನ್ನದಲ್ಲಿ 2020ಕ್ಕೆ ಮೊದಲು ವಿದ್ವಾಂಸರಿಗೆ ಗೊತ್ತಿದ್ದದ್ದು ಎರಡೇ ಎರಡು. ಒಂದು ಜರ್ಮನಿಯ ಕೇಂದ್ರ ಬ್ಯಾಂಕಿನ ಸಂಗ್ರಹದಲ್ಲಿದೆ. ಇನ್ನೊಂದು ಖಾಸಗಿಯವರದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಎರವಲಾಗಿ ಪ್ರದರ್ಶನಕ್ಕಿತ್ತು. ಹೀಗಿರುವಾಗ ಮೂರನೆಯದು, ಅದೂ ಮೂರರಲ್ಲೇ ಚೆನ್ನಾಗಿರೋದು, ಇದ್ದಕ್ಕಿದ್ದ ಹಾಗೆ ಪ್ರತ್ಯಕ್ಷ ಆಯ್ತು.

ಎಲ್ಲಿಂದ? ಅದಕ್ಕೆ ಉತ್ತರ ಆ ಒಂದು ಸಾಲು. ಹರಾಜಿನವರು ಪ್ರಾವೆನೆನ್ಸ್ ಅಂತಾರೆ, ನಾನು ಒಡೆತನದ ಸಾಲು ಅಂತೀನಿ. ಯುರೋಪಿನ ಬ್ಯಾರನ್ ಒಬ್ಬರ ಸಂಗ್ರಹದಿಂದ ಬಂದದ್ದು, ಮೂಲ ದೃಢೀಕರಣ ಪತ್ರ ಜೊತೆಗಿದೆ, ಇಷ್ಟೇ ಅದರ ಸಾರ. ಯಾವ ವರ್ಷ ಕೊಂಡರು, ಯಾರಿಂದ ಕೊಂಡರು, ಹಳೇ ಕ್ಯಾಟಲಾಗಿನಲ್ಲಿ ಪುಟ ಸಂಖ್ಯೆ ಏನು, ಹಳೇ ಛಾಯಾಚಿತ್ರವೋ ಪ್ಲಾಸ್ಟರ್ ಅಚ್ಚೋ ಇದೆಯಾ, ಇದ್ಯಾವುದೂ ಅಲ್ಲಿಲ್ಲ.

ಮುಂದಿನದು ಸಾರ್ವಜನಿಕ ದಾಖಲೆ. 2023ರ ಜನವರಿಯಲ್ಲಿ ಸಂಸ್ಥೆಯ ಮಾಲೀಕರನ್ನು ನ್ಯೂಯಾರ್ಕಿನಲ್ಲಿ ಬಂಧಿಸಿದರು. ದುಡ್ಡು ಕೊಟ್ಟು ಒಡೆತನದ ಕಾಗದ ಮಾಡಿಸಿದ್ದು ತನಿಖೆಯಲ್ಲಿ ಹೊರಬಂತು. ಆಗಸ್ಟಿನಲ್ಲಿ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ನಾಣ್ಯವನ್ನು ಅಮೆರಿಕದಲ್ಲಿ ವಶಪಡಿಸಿಕೊಂಡು, ಮಾರ್ಚಿನಲ್ಲಿ ಬೇರೆ 28 ಪ್ರಾಚೀನ ವಸ್ತುಗಳ ಜೊತೆ ಗ್ರೀಸಿಗೆ ಒಪ್ಪಿಸಿಯಾಗಿತ್ತು. ಬ್ರೂಟಸ್, ಕ್ಯಾಸಿಯಸ್ ಸೇನೆ ಬೀಡುಬಿಟ್ಟಿದ್ದ ಗ್ರೀಸಿನ ಯಾವುದೋ ಜಾಗದಿಂದ ಅಗೆದು ಸಾಗಿಸಿದ್ದಿರಬೇಕು ಅನ್ನೋದು ತನಿಖೆಯವರ ನಿಲುವು.

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಂಥ ಸಾಲನ್ನು ಓದೋ ವಿದ್ಯೆ ನಮ್ಮಲ್ಲಿ ನೂರಿಪ್ಪತ್ತು ವರ್ಷದಿಂದ ಇದೆ. ಜೆ.ಎಫ್. ಫ್ಲೀಟ್ 1901ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಕೂಟಶಾಸನಗಳ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಗಂಗರ ತಾಮ್ರಪಟಗಳ ಮೇಲೆ ಅವರಿಗೂ ಬಿ.ಎಲ್. ರೈಸ್ ಅವರಿಗೂ ನಡೆದ ಜಟಾಪಟಿ ಈ ಓದುಗರಿಗೆ ಹೊಸದಲ್ಲ. ಮರ್ಕರಾ ತಾಮ್ರಪಟವನ್ನೇ ತಗೊಳ್ಳಿ. ಅವಿನೀತನ ಹೆಸರಿದೆ, 388 ಅಂತ ವರ್ಷ ಇದೆ, ಯಾವ ಶಕ ಅಂತ ಇಲ್ಲ. ಶಾಲಿವಾಹನ ಶಕ ಅಂತ ಹಿಡಿದರೆ ಕ್ರಿ.ಶ. 466. ಆದರೆ ಅದರೊಳಗೆ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿ ಬಂದು ಕೂತಿದ್ದಾನೆ. ಅಕಾಲವರ್ಷ ಅನ್ನೋದು ರಾಷ್ಟ್ರಕೂಟರ ಬಿರುದು. ಲಿಪಿಯೂ ಐದನೇ ಶತಮಾನದ್ದಲ್ಲ ಅಂತ ಅನೇಕರು ವಾದಿಸಿದರು. ಹಳೆಯ ದೊರೆಯ ಹೆಸರು, ಅವನ ವಂಶಾವಳಿ, ಪೂರ್ತಿ ಗಾಂಭೀರ್ಯ ಎಲ್ಲ ಇಟ್ಟುಕೊಂಡು ಭೂಮಿಯ ಹಕ್ಕನ್ನು ನಾನೂರು ವರ್ಷ ಹಿಂದಕ್ಕೆ ತಳ್ಳೋದು ಕೂಟಶಾಸನದ ಕೆಲಸ.

ಬ್ಯಾರನ್ನನ ಸಾಲು ಮಾಡಿದ್ದೂ ಅದೇ. ಪ್ರಾಚೀನ ವಸ್ತುಗಳ ಮಾರುಕಟ್ಟೆಗೆ 1970ರ ಯುನೆಸ್ಕೋ ಒಪ್ಪಂದ ಒಂದು ಗೆರೆ ಹಾಕಿಟ್ಟಿದೆ. ಅದಕ್ಕೂ ಹಿಂದೆ ವಸ್ತು ಹುಟ್ಟಿದ ದೇಶ ಬಿಟ್ಟಿತ್ತು ಅಂತ ತೋರಿಸಿದರೆ ಪ್ರಶ್ನೆ ಕಡಿಮೆ. ಹಾಗಾಗಿ ಹಳೇ ಮನೆತನದ ಹೆಸರಿಗೆ ಇಲ್ಲಿ ಗಂಗರ ವಂಶಾವಳಿಯದೇ ಬೆಲೆ. ಒಂದು ವ್ಯತ್ಯಾಸ ಮಾತ್ರ ಇದೆ. ಮರ್ಕರಾದಂಥ ಕಡೆ ಅನುಮಾನ ಪಟದ ಮೇಲೆಯೇ. ಇಲ್ಲಿ ಲೋಹ ಅಪ್ಪಟ, ಅಕ್ಷರ ಅಪ್ಪಟ, ಅದರ ಹಕ್ಕುಪತ್ರ ಮಾತ್ರ ಖೋಟಾ. ನಾಣ್ಯಕ್ಕೆ ದರ್ಜೆ ಕೊಡುವ ಸಂಸ್ಥೆ ಅದನ್ನು ಪರೀಕ್ಷಿಸಿ ಅಸಲಿ ಅಂತ ಹೇಳಿತ್ತು, ಆ ಮಾತು ಸರಿಯಾಗೇ ಇತ್ತು. ಅದು ಉತ್ತರ ಕೊಟ್ಟಿದ್ದು ಇನ್ನೊಂದು ಪ್ರಶ್ನೆಗೆ.

ನನ್ನ ಕಸುಬಿನಲ್ಲಿ ಇದಕ್ಕೆ ಸರಿಯಾದ ಸಾಮ್ಯ ಇದೆ. ಬಾಯ್ಲರಿಗೆ ಉಕ್ಕಿನ ತಗಡು ತರಿಸಿದರೆ ಜೊತೆಗೆ ಗಿರಣಿಯ ಪರೀಕ್ಷಾ ಪತ್ರ ಬರಬೇಕು. ತಗಡಿನ ಮೇಲೆ ಗುದ್ದಿರೋ ಹೀಟ್ ನಂಬರೂ ಪತ್ರದ ನಂಬರೂ ತಾಳೆ ಆಗಬೇಕು. ತಾಳೆ ಆಗದಿದ್ದರೆ ಉಕ್ಕು ಎಷ್ಟೇ ಚೆನ್ನಾಗಿದ್ದರೂ ವಾಪಸ್. "ಸಾರ್, ಮಾಲು ಒಳ್ಳೇದೇ, ಬೇಕಾದ್ರೆ ಇನ್ನೊಂದು ಸಲ ಟೆಸ್ಟ್ ಮಾಡಿಸಿ" ಅನ್ನೋ ವಾದಕ್ಕೆ ಅಲ್ಲಿ ಜಾಗ ಇಲ್ಲ. ನಾಣ್ಯ ಸಂಗ್ರಹದಲ್ಲಿ ಮಾತ್ರ ಈ ವಾದ ದಿನಾ ನಡೆಯುತ್ತೆ. ನಾಣ್ಯ ಅಸಲಿ ತಾನೇ, ಕಾಗದ ಹೇಗಿದ್ದರೇನು ಅಂತ. ಬ್ಯಾರನ್ ಸಾಲನ್ನು ಪ್ರಶ್ನಿಸಲು ಪತ್ತೇದಾರರೇ ಬೇಕಾಗಿರಲಿಲ್ಲ. 1989ರಲ್ಲಿ ಹರ್ಬರ್ಟ್ ಕಾನ್ ಈ ನಾಣ್ಯದ ಅಚ್ಚುಗಳನ್ನೆಲ್ಲ ಹುಡುಕಿ ಜೋಡಿಸಿ ಅಧ್ಯಯನ ಪ್ರಕಟಿಸಿದ್ದರು. ರೋಮನ್ ನಾಣ್ಯಗಳಲ್ಲೇ ಅತ್ಯಂತ ಪ್ರಸಿದ್ಧವಾದದ್ದರ ಚಿನ್ನದ ಪ್ರತಿ ಯುರೋಪಿನ ಶ್ರೀಮಂತ ಮನೆಯೊಂದರಲ್ಲಿ ತಲೆಮಾರುಗಟ್ಟಲೆ ಇದ್ದು, ಒಬ್ಬ ಪಂಡಿತನ ಕಣ್ಣಿಗೂ ಬೀಳಲಿಲ್ಲ ಅಂದ್ರೆ, ಐದನೇ ಶತಮಾನದ ಪಟದಲ್ಲಿ ಅಕಾಲವರ್ಷನ ಮಂತ್ರಿ ಕಂಡಷ್ಟೇ ವಿಚಿತ್ರ ಅದು. ಕೊಳ್ಳೋಕೆ ಕೂತವರಲ್ಲಿ ಇಷ್ಟು ತಿಳುವಳಿಕೆ ಇರಲಿಲ್ಲ ಅಂತ ನಾನು ನಂಬಲ್ಲ.

ಹೋಗಿದ್ದೇನು ಅನ್ನೋದನ್ನ ಬಿಡಿಸಿ ಹೇಳ್ಬೇಕು, ಇಲ್ಲದಿದ್ದರೆ ಇದು ಬರೀ ಪೊಲೀಸ್ ಕತೆ ಆಗುತ್ತೆ. ಈ ನಾಣ್ಯ ಎಲ್ಲಿ ಅಚ್ಚಾಯಿತು ಅನ್ನೋದು ಇವತ್ತಿಗೂ ಖಚಿತವಿಲ್ಲ. ಏಷ್ಯಾ ಮೈನರ್ ಪಶ್ಚಿಮದಲ್ಲಾ, ಸೇನೆ ಮ್ಯಾಸಿಡೋನಿಯಾ ಕಡೆ ದಾಟಿದ ಮೇಲಾ? ಚಿನ್ನ ಯಾರಿಗೆ ಹೋಯಿತು, ಅಧಿಕಾರಿಗಳಿಗಾ, ಎಲ್ಲರಿಗಾ? ಹಂಚಿದ್ದು ಯುದ್ಧಕ್ಕೆ ಮುಂಚೆಯಾ? ಆ ತುಣುಕು ಯಾವುದೋ ಬೀಡಿನ ಕಂದಕದಲ್ಲಿ ಇತ್ತಾ, ಸಮಾಧಿಯಲ್ಲಿತ್ತಾ, ಗಡಿಗೆಯೊಳಗೆ ಬೇರೆ ನಾಣ್ಯಗಳ ಜೊತೆಗಿತ್ತಾ? ಜೊತೆಗೆ ಕ್ಯಾಸಿಯಸನ ಹೆಸರಿನ ನಾಣ್ಯಗಳಿದ್ದರೆ ಒಂದು ಅರ್ಥ, ಆಂಟನಿಯದಿದ್ದರೆ ಬೇರೆಯೇ ಅರ್ಥ. ಸಲಿಕೆ ಬಿದ್ದ ಆ ಸಂಜೆಗೇ ಇವಕ್ಕೆಲ್ಲ ಉತ್ತರ ಹೋಯಿತು. ಬೆಳ್ಳಿಯ ನೂರು ಪ್ರತಿ ಸೇರಿ ಹೇಳಲಾರದ್ದನ್ನು ಈ ಒಂದು ಹೇಳಬಹುದಿತ್ತು.

ಇದಕ್ಕೆ ಪಕ್ಕದಲ್ಲಿ ನಮ್ಮ ಚಂದ್ರವಳ್ಳಿಯನ್ನು ಇಟ್ಟು ನೋಡಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಟೈಬೀರಿಯಸ್ ಚಕ್ರವರ್ತಿಯ ಒಂದು ಬೆಳ್ಳಿ ದಿನಾರಿಯಸ್ ಸಿಕ್ಕಿತು. ಟೈಬೀರಿಯಸನ ದಿನಾರಿಯಸ್ ಅಂದ್ರೆ ಸಂಗ್ರಾಹಕರ ಲೋಕದಲ್ಲಿ ತೀರಾ ಮಾಮೂಲು, ಯಾವ ಹರಾಜಿನಲ್ಲೂ ಸಿಗುತ್ತೆ. ಆದರೆ ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಸಿಕ್ಕಿತು ಅಂತ ಬರೆದಿಟ್ಟರು. ಚಿತ್ರದುರ್ಗದ ಸುತ್ತಿನ ಶಾತವಾಹನ ಕಾಲದ ಮಡಕೆಗಳಿಗೆ ಶತಮಾನ ಗೊತ್ತು ಮಾಡೋದರಲ್ಲಿ ಅದು ಒಂದು ಮೊಳೆ ಆಯಿತು. ಅರಿಕಮೇಡು, ಬ್ರಹ್ಮಗಿರಿ, ಚಂದ್ರವಳ್ಳಿ ಸೇರಿ ದಕ್ಷಿಣ ಭಾರತದ ಪುರಾತತ್ವದ ಕಾಲಗಣನೆಗೆ ಬುನಾದಿ ಬಿದ್ದದ್ದು ಇಂಥ ಸಾಮಾನ್ಯ ವಸ್ತುಗಳಿಂದ. ಮಯೂರಶರ್ಮನ ಶಾಸನ ನೋಡೋಕೆ ಹೋದವರು ಆ ದಿನಾರಿಯಸ್ಸನ್ನೂ ಒಮ್ಮೆ ನೆನೆಸ್ಕೊಳ್ಳಿ.

ಸಂಗ್ರಾಹಕರ ಬೆಲೆಪಟ್ಟಿಗೂ ಇತಿಹಾಸದ ಬೆಲೆಪಟ್ಟಿಗೂ ಇರೋ ಈ ತಿರುಗುಮುರುಗು ದರ್ಜೆಯ ವಿಷಯದಲ್ಲೂ ಕಾಣುತ್ತೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಆ ಚಿನ್ನದ ಪ್ರತಿಗೆ ಒಂದು ತೂತಿದೆ. ಹಂತಕರ ಪಕ್ಷದ ಯಾರೋ ಅದನ್ನು ಕೊರಳಿಗೆ ಕಟ್ಟಿಕೊಂಡಿದ್ದಿರಬಹುದು ಅನ್ನೋ ಊಹೆ ಇದೆ. ಊಹೆ ನಿಲ್ಲಲಿ ಬಿಡಲಿ, ಆ ತೂತು ಯಾರದೋ ಕೈಯ ಗುರುತು. ದರ್ಜೆಯ ಭಾಷೆಯಲ್ಲಿ ಅದು "ಹಾನಿ". 1898ರಲ್ಲಿ ಪುದುಕ್ಕೋಟೈ ಸೀಮೆಯಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುತೇಕ ಎಲ್ಲದಕ್ಕೂ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಗೀರು ಹಾಕಿದ್ದಾರೆ. ಇಲ್ಲಿನವರು ಆ ಮುಖವನ್ನು ಚಲಾವಣೆಯಿಂದ ತೆಗೆದುಹಾಕಿ ಲೋಹವಾಗಿ ಲೆಕ್ಕ ಹಿಡಿದರು ಅಂತ ಒಂದು ವ್ಯಾಖ್ಯಾನ. ಮಾರುಕಟ್ಟೆಗೆ ಬಂದಿದ್ದರೆ ಅವೂ "ಕೆಟ್ಟ ಪ್ರತಿ"ಗಳೇ.

ಇಷ್ಟು ಹೇಳಿದ ಮೇಲೆ ಸಂಗ್ರಾಹಕರೆಲ್ಲ ಕಳ್ಳರು ಅಂತ ನಾನು ಹೇಳ್ತಿದೀನಿ ಅಂದ್ಕೋಬೇಡಿ. ಮೇಲೆ ಹೇಳಿದ ಹರ್ಬರ್ಟ್ ಕಾನ್ ಸ್ವತಃ ನಾಣ್ಯ ವ್ಯಾಪಾರಿ, ಅವರ ಅಚ್ಚುಗಳ ಅಧ್ಯಯನ ಇಲ್ಲದಿದ್ದರೆ ಈ ಬರಹದ ಅರ್ಧ ಇರ್ತಿರಲಿಲ್ಲ. ನಮ್ಮಲ್ಲೂ ಸಣ್ಣಪುಟ್ಟ ರಾಜಮನೆತನಗಳ ನಾಣ್ಯಗಳನ್ನು ಅಕ್ಕಸಾಲಿಯ ಕುಲುಮೆಯಿಂದ ಉಳಿಸಿದವರಲ್ಲಿ ಖಾಸಗಿ ಸಂಗ್ರಾಹಕರ ಪಾಲು ದೊಡ್ಡದು. ತಕರಾರು ಇರೋದು ಕೊಳ್ಳೋದರ ಬಗ್ಗೆ ಅಲ್ಲ, ಒಡೆತನದ ಸಾಲನ್ನು ಓದದೆ ಕೊಳ್ಳೋದರ ಬಗ್ಗೆ.

ನಮ್ಮ ನೆಲದಲ್ಲೂ ಅಂತರ್ಯುದ್ಧದ ಚಿನ್ನ ಇದೆ. 1707ರಲ್ಲಿ ಔರಂಗಜೇಬ್ ಸತ್ತಾಗ ಅವನ ಕಿರಿಯ ಮಗ ಕಾಮ್ ಬಕ್ಷ್ ಬಿಜಾಪುರದಲ್ಲಿ ತಾನೇ ಬಾದಶಹ ಅಂತ ಘೋಷಿಸಿಕೊಂಡು, ದೀನ್‌ಪನಾಹ್ ಅನ್ನೋ ಬಿರುದಿನಲ್ಲಿ ನಾಣ್ಯ ಹೊಡೆಸಿದ. ಸೂರ್ಯನ ಮೇಲೂ ಚಂದ್ರನ ಮೇಲೂ ದಖ್ಖನಿನಲ್ಲಿ ಮುದ್ರೆ ಒತ್ತಿದ ಅನ್ನೋ ಅರ್ಥದ ಪಾರ್ಸಿ ದ್ವಿಪದಿ ಅದರ ಮೇಲಿದೆ, ಸೂರ್ಯ ಅಂದ್ರೆ ಚಿನ್ನ, ಚಂದ್ರ ಅಂದ್ರೆ ಬೆಳ್ಳಿ. 1709ರ ಜನವರಿಯಲ್ಲಿ ಹೈದರಾಬಾದಿನ ಹತ್ತಿರ ಅಣ್ಣ ಬಹಾದ್ದೂರ್ ಶಾನ ಸೇನೆಯ ಎದುರು ಸೋತು, ಗಾಯಗಳಿಂದ ಸತ್ತ. ಎರಡೂ ಚಿಲ್ಲರೆ ವರ್ಷದ ಅಧಿಕಾರ ಕೂಡ ದಕ್ಕಲಿಲ್ಲ, ಅದಕ್ಕೇ ಅವನ ಮೊಹರುಗಳಿಗೆ "ಅತಿ ವಿರಳ" ಅನ್ನೋ ಪಟ್ಟ. ನಾನು ನೋಡಿದ ಕ್ಯಾಟಲಾಗುಗಳಲ್ಲಿ ಟಂಕಸಾಲೆಯ ಹೆಸರು, ಆಳ್ವಿಕೆಯ ವರ್ಷ, ಸುಮಾರು 11 ಗ್ರಾಮಿನ ತೂಕ ಎಲ್ಲ ಚುಕ್ಕಿಯ ನಂತರ ಎರಡು ಸ್ಥಾನದವರೆಗೆ ಕೊಟ್ಟಿರ್ತಾರೆ. ಬಿಜಾಪುರದ ಹೊಲದಲ್ಲಿ ಸಿಕ್ಕಿದ್ದಾ, ಯಾವುದೋ ಮನೆಯ ಪೆಟ್ಟಿಗೆಯಿಂದ ಬಂದದ್ದಾ ಅನ್ನೋದಕ್ಕೆ ಒಂದು ಪದ ಇರಲ್ಲ. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋ ಕಾನೂನು 1878ರದು. ತಿಳಿಸಿದ್ದರೆ ಊರು, ಸರ್ವೇ ನಂಬರು, ಜೊತೆಗೆ ಸಿಕ್ಕ ನಾಣ್ಯಗಳ ಎಣಿಕೆ ಎಲ್ಲ ಒಂದು ಕಡತದಲ್ಲಿ ಇರ್ತಿತ್ತು. ಹಾಗಾಗಿ ಇಂಥ ಮೊಹರು ಹರಾಜಿಗೆ ಬಂದಾಗ ನಾನು ಸಂಸ್ಥೆಯವರಿಗೆ ಕೇಳೋದು ಒಂದೇ ಪ್ರಶ್ನೆ, ಇದು ಹಿಂದೆ ಎಲ್ಲಿ ಪ್ರಕಟವಾಗಿದೆ ಅಂತ. "ಹಳೇ ಸಂಗ್ರಹದ್ದು ಸಾರ್" ಅನ್ನೋ ಉತ್ತರ ಮೂರು ಸಲ ಬಂದಿದೆ. ಯಾರ ಸಂಗ್ರಹ ಅಂತ ತಿರುಗಿ ಬರೆದದ್ದಕ್ಕೆ ಇನ್ನೂ ಉತ್ತರ ಇಲ್ಲ.